ಹೊಳಪಿಲ್ಲದ ಗಿಟಾರಿನ ಪರವಾಗಿ

ಕೈಯಲ್ಲಿ ಮಾಡಿದ ವಾದ್ಯಕ್ಕೂ ಕನ್ನಡಿಯಂಥ ಹೊಳಪು ಬೇಕೇ ಬೇಕು ಅನ್ನುವವರ ಜೊತೆ ವಾದ ಮಾಡಿ ಮಾಡಿ ಸಾಕಾಗಿದೆ. ಒಂದು ಸಲ ಕೂತು ಬರೆದೇ ಬಿಡೋಣ ಅಂತ ಇವತ್ತು ಕೂತಿದ್ದೀನಿ. ಮುಂಬಯಿಗೆ ಬಂದು ಮೂವತ್ತೊಂದು ವರ್ಷ ಆಯ್ತು, ಲೋಕಲ್ ಟ್ರೇನು ನನಗೆ ಗಟ್ಟಿ ದನಿಯಲ್ಲಿ ವಾದಿಸೋದನ್ನ ಚೆನ್ನಾಗಿಯೇ ಕಲಿಸಿದೆ. ಆದರೂ ಪಾಲಿಶ್ ವಿಷಯದಲ್ಲಿ ಪ್ರತಿ ಸಲ ನಾನೇ ಸೋಲೋದು. ಎದುರಿನವರು ತೋರಿಸೋಕೆ ಹೊಳೆಯುವ ವಸ್ತು ಇರುತ್ತೆ, ನನ್ನ ಕೈಯಲ್ಲಿ ಒರಟು ಮೈಯ ಒಂದು ಹಲಗೆ!

ಯಾವ ವಾದ್ಯ ಅಂತ ಮೊದಲು ಹೇಳಿಬಿಡ್ತೀನಿ. ಲ್ಯಾಪ್ ಸ್ಟೀಲ್ ಗಿಟಾರ್. ಹೆಸರು ಹೊಸದು ಅನ್ನಿಸಿದರೆ ಗಾಬರಿ ಬೇಡ, ನಮ್ಮ ಕಾಲದವರಿಗೆ ಇದು ಹವಾಯಿಯನ್ ಗಿಟಾರ್. ರೇಡಿಯೋದಲ್ಲಿ ಎರಡು ಕಾರ್ಯಕ್ರಮಗಳ ನಡುವೆ ಹಳೇ ಸಿನಿಮಾ ಹಾಡಿನ ಧಾಟಿ ಜಾರಿ ಜಾರಿ ಬರುತ್ತಿತ್ತಲ್ಲ, ಅದೇ. ತೊಡೆಯ ಮೇಲೆ ಅಡ್ಡಡ್ಡ ಮಲಗಿಸಿಕೊಂಡು, ಎಡಗೈಯಲ್ಲಿ ಉಕ್ಕಿನ ಪುಟ್ಟ ಸಲಾಕೆ ಹಿಡಿದು ತಂತಿಯ ಮೇಲೆ ಜಾರಿಸುತ್ತಾ ನುಡಿಸಬೇಕು. ಹವಾಯಿಯ ಜೋಸೆಫ್ ಕೆಕುಕು ಅನ್ನೋ ಹುಡುಗ 1889ರ ಆಸುಪಾಸಿನಲ್ಲಿ, ಶಾಲೆಯಲ್ಲಿದ್ದಾಗ ಇದನ್ನ ರೂಢಿಗೆ ತಂದ ಅಂತ ಹೇಳ್ತಾರೆ. ಮುಂದೆ ರಿಕನ್‌ಬ್ಯಾಕರ್ ಅಂತ ಹೆಸರಾದ ಅಮೆರಿಕದ ಕಂಪನಿ 1932ರಲ್ಲಿ ಅಲ್ಯೂಮಿನಿಯಂ ಎರಕದ, ನೋಡೋಕೆ ಥೇಟ್ ಹಿಡಿ ಇರುವ ಬಾಣಲೆಯಂಥ ಎಲೆಕ್ಟ್ರಿಕ್ ಗಿಟಾರ್ ಮಾರಾಟಕ್ಕೆ ಬಿಟ್ಟಿತು. ಅದೂ ತೊಡೆಯ ಮೇಲೆ ಮಲಗುವಂಥದ್ದೇ. ನಮ್ಮಲ್ಲಿ ಇದು ಮನೆಮಾತಾಗಿದ್ದು ಹೆಚ್ಚಾಗಿ ಕಲ್ಕತ್ತೆಯಲ್ಲಿ. ಹವಾಯಿಯ ಕಲಾವಿದ ಟಾವ್ ಮೋ 1940ರ ದಶಕದಲ್ಲಿ ಅಲ್ಲಿ ನೆಲೆಸಿದ್ದರು. ಆಮೇಲೆ ಕಾಜಿ ಅನಿರುದ್ಧ, ಸುನೀಲ್ ಗಂಗೂಲಿ ಬಂದರು. ನಮ್ಮ ಮುಂಬಯಿಯಲ್ಲಿ ವ್ಯಾನ್ ಶಿಪ್ಲಿ. ಶಾಸ್ತ್ರೀಯ ಸಂಗೀತಕ್ಕೆ ತಂದವರು ಬ್ರಿಜಭೂಷಣ್ ಕಾಬ್ರಾ, 1967ರ 'ಕಾಲ್ ಆಫ್ ದ ವ್ಯಾಲಿ'ಯಲ್ಲಿ ಸಂತೂರು, ಕೊಳಲಿನ ಜೊತೆ ಕೇಳೋ ಗಿಟಾರ್ ಅವರದು. ಗೋಟುವಾದ್ಯ ಕೇಳಿ ಬೆಳೆದ ಕನ್ನಡದ ಕಿವಿಗೆ ತಂತಿಯ ಮೇಲೆ ಜಾರುವ ಈ ದನಿ ಪರದೇಶಿ ಅನ್ನಿಸೋದೇ ಇಲ್ಲ ಬಿಡಿ.

ಇನ್ನು ನನ್ನ ವಿಷಯ. ನಾನು ನುಡಿಸೋದು ಅಷ್ಟಕ್ಕಷ್ಟೆ, ಮಾಡೋದು ಅದಕ್ಕಿಂತ ಸ್ವಲ್ಪ ವಾಸಿ. ಈ ಊರಿನಲ್ಲಿ ಹಳೇ ಚಾಳುಗಳನ್ನ ಕೆಡವಿದಾಗ ಸಿಗುವ ಬರ್ಮಾ ಸಾಗುವಾನಿ ತೊಲೆ, ಬಾಗಿಲ ಚೌಕಟ್ಟು ಗುಜರಿಯಲ್ಲಿ ಬಂದು ಬೀಳುತ್ತೆ. ಅಂಥ ಒಂದು ತುಂಡಿನಿಂದ ಗ್ಯಾಲರಿಯಲ್ಲಿ ಕೂತು ಗಿಟಾರ್ ಮಾಡಿದೆ. ಕುದುರೆಯಿಂದ ಮೇಲಿನ ಮೆಟ್ಟಿಲವರೆಗೆ ತಂತಿಯ ಉದ್ದ ಇಪ್ಪತ್ತೆರಡೂವರೆ ಇಂಚು, ಆ ಹಳೇ ಬಾಣಲೆ ಗಿಟಾರಿನ ಅಳತೆಯೇ. ಬಡಗಿ ಕೆಲಸ ಮುಗಿದ ಮೇಲೆ ಬಂದ ಪ್ರಶ್ನೆ: ಮೈಗೆ ಏನು ಹಚ್ಚೋದು?

ನೋಡಿದವರೆಲ್ಲರದ್ದೂ ಒಂದೇ ಉತ್ತರ. "ಪಿಯು ಹೊಡೆಸಿ ಸಾರ್, ಗಾಜಿನ ಹಾಗೆ ಬರುತ್ತೆ." ಪಕ್ಕದ ಬೀದಿಯ ಫರ್ನಿಚರ್ ಪಾಲಿಶ್ ಮಾಡುವ ಭೈಯ್ಯಾ ಇನ್ನೂ ಬಿಡಿಸಿ ಹೇಳಿದ. "ಸಾಬ್, ಗ್ಲಾಸಿ ಮಾಡಿಕೊಟ್ರೆ ಗಿರಾಕಿ ಕೇಳಿದಷ್ಟು ಕೊಡ್ತಾನೆ. ಮ್ಯಾಟ್ ಮಾಡಿದ್ರೆ ಅರ್ಧ ಕೆಲಸ ಮಾಡಿ ಎದ್ದು ಬಂದಿದ್ದೀಯ ಅಂತಾನೆ. ಕೈ ನೋವು ಮಾತ್ರ ಎರಡಕ್ಕೂ ಒಂದೇ." ಇಷ್ಟು ವರ್ಷದಲ್ಲಿ ಈ ವಿಷಯದ ಬಗ್ಗೆ ನಾನು ಕೇಳಿದ ಅತ್ಯಂತ ನಿಜವಾದ ಮಾತು ಅದು. ಹೊಳಪು ಅಂದರೆ ಕೆಲಸ ಮುಗಿದಿದೆ ಅನ್ನೋದಕ್ಕೆ ರಶೀದಿ ಅಂತ ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೀವಿ. ಆದರೆ ಗಾಜಿನಂಥ ಮೈ ಕಾರ್ಖಾನೆಗೆ ಸುಲಭ, ಸ್ಪ್ರೇ ಬೂತ್ ಇದೆ, ಬಫಿಂಗ್ ಮೆಷಿನ್ ಇದೆ. ಗ್ಯಾಲರಿಯಲ್ಲಿ ಕೂತ ನಾನು ಅದನ್ನೇ ಮಾಡ ಹೊರಟರೆ ಏನಾಗುತ್ತೆ? ಕಾರ್ಖಾನೆ ಮಾಲಿನ ಒಂದು ಕಳಪೆ ನಕಲು ಆಗುತ್ತೆ, ಅಷ್ಟೆ. ತಾನೇ ಹಾಕಿಕೊಂಡ ಪರೀಕ್ಷೆಯಲ್ಲಿ ತಾನೇ ನಪಾಸಾಗುವ ಉಸಾಬರಿ ಯಾಕೆ?

ಇನ್ನೊಂದು ಮಾತಿದೆ, ಇದು ಲ್ಯಾಪ್ ಸ್ಟೀಲ್‌ಗೇ ಸೇರಿದ್ದು. ಮಾಮೂಲಿ ಗಿಟಾರಿನಲ್ಲಿ ಎಡಗೈ ಹೆಬ್ಬೆರಳು ಕತ್ತಿನ ಹಿಂದೆ ಸದಾ ಜಾರುತ್ತಿರುತ್ತೆ, ಅಲ್ಲಿ ಒರಟು ಮೈ ಇಟ್ಟರೆ ನುಡಿಸೋನು ಶಾಪ ಹಾಕ್ತಾನೆ. ಇಲ್ಲಿ ಎಡಗೈ ಕತ್ತನ್ನ ಮುಟ್ಟೋದೇ ಇಲ್ಲ. ಸಲಾಕೆ ತಂತಿಯ ಮೇಲೆ ತೇಲುತ್ತೆ, ಮೆಟ್ಟಿಲುಗಳು ಬರೀ ಗುರುತಿಗೆ ಎಳೆದ ಗೆರೆ. ಅದಿರಲಿ, ನುಣ್ಣಗೆ ಪಾಲಿಶ್ ಮಾಡಿದ ಬೆನ್ನು ಟೆರಿಕಾಟ್ ಪ್ಯಾಂಟಿನ ಮೇಲೆ ಐಸ್ ತುಂಡಿನ ಹಾಗೆ ಜಾರುತ್ತೆ. ಎಷ್ಟು ಜನ ತೊಡೆಯ ಮೇಲೆ ಟವೆಲ್ ಹಾಸಿಕೊಂಡು ನುಡಿಸೋದನ್ನ ನೋಡಿಲ್ಲ ನಾನು! ಮೊದಲು ದುಡ್ಡು ಕೊಟ್ಟು ಜಾರುವ ಹಾಗೆ ಮಾಡಿಸೋದು, ಆಮೇಲೆ ಜಾರದ ಹಾಗೆ ಟವೆಲ್ ಹಾಸೋದು. ಗೆರೆಗೆರೆಯ ಒರಟು ಬೆನ್ನು ಬಟ್ಟೆಯನ್ನ ತಾನೇ ಹಿಡಿದು ಕೂರುತ್ತೆ.

ಒರಟು ಮೈಯಲ್ಲೂ ಎರಡು ಜಾತಿ ಉಂಟು. ಒಂದು ಮೇಲಿಂದ ಹಾಕಿದ್ದು, ಇನ್ನೊಂದು ಮರದ ಒಳಗಿಂದ ತೆಗೆದದ್ದು. ಹಳೇ ಟೈಪ್‌ರೈಟರು, ಕ್ಯಾಮೆರಾ ಮೇಲೆ ಇರುತ್ತಿದ್ದ ಸುಕ್ಕು ಬಣ್ಣ ಮೊದಲ ಜಾತಿ. ಬಣ್ಣದ ಮೇಲಿನ ಪದರ ಕೆಳಗಿನದಕ್ಕಿಂತ ಬೇಗ ಒಣಗಿ ಹಿಗ್ಗಿ, ಹಾಲಿನ ಕೆನೆಯ ಹಾಗೆ ಮುದುರುತ್ತೆ. ಬಿರುಕು ಬಣ್ಣವೂ ಹಾಗೇ. ಬಿಳಿ ಅಂಟು ಬಳಿದು, ಅದು ಅರೆ ಒಣಗಿದಾಗ ಮೇಲೆ ಅಕ್ರಿಲಿಕ್ ಬಣ್ಣ ಹಚ್ಚಿದರೆ ಕೆರೆಯ ತಳದ ಮಣ್ಣಿನ ಹಾಗೆ ಒಡೆಯುತ್ತೆ. ಅಂಟು ದಪ್ಪ ಇದ್ದಷ್ಟೂ ಬಿರುಕು ದೊಡ್ಡದು. ಇವನ್ನ ನಾನು ಪೂರ್ತಿ ತಳ್ಳಿಹಾಕಲ್ಲ. ಅಮೆರಿಕದ ನ್ಯಾಷನಲ್ ಕಂಪನಿ 1930ರ ದಶಕದಲ್ಲಿ ಡ್ಯುಯೋಲಿಯನ್ ಅನ್ನೋ ಉಕ್ಕಿನ ಮೈಯ ಅಗ್ಗದ ಗಿಟಾರಿಗೆ ಮಂಜು ಹೆಪ್ಪುಗಟ್ಟಿದಂಥ ಹರಳು ಹರಳು ಬಣ್ಣ ಬಳಿಯುತ್ತಿತ್ತು, ನಿಕಲ್ ಲೇಪನದ ಹೊಳಪು ದುಬಾರಿ ಮಾಡೆಲ್‌ಗಳಿಗೆ ಮೀಸಲು. ಈಗ ಹಳೇ ವಾದ್ಯ ಹುಡುಕುವವರು ಆ ಬಡವರ ಬಣ್ಣವನ್ನೇ ಬಾಯಿ ಬಿಟ್ಟು ನೋಡ್ತಾರೆ. ಆದರೆ ಮೇಲಿಂದ ಹಾಕುವ ಒರಟಿಗೆ ಒಂದು ಆಮಿಷ ಇದೆ. ಕೆಟ್ಟ ಜೋಡಣೆ, ಪುಟ್ಟಿ ಮೆತ್ತಿದ ಗುಳಿ, ಎಲ್ಲವನ್ನೂ ಅದರಡಿ ಮುಚ್ಚಿಬಿಡಬಹುದು. ಮುಚ್ಚೋಕೆ ಅಂತಲೇ ಹಾಕಿದ್ದಾದರೆ ಅದೂ ಒಂದು ಥರದ ಗ್ಲಾಸಿಯೇ.

ನಾನು ಮಾಡಿದ್ದು ಎರಡನೇ ಜಾತಿ. ಸಾಗುವಾನಿಯ ಎಳೆಯಲ್ಲಿ ಮೆದು ಭಾಗ, ಗಟ್ಟಿ ಭಾಗ ಅಂತ ಇರುತ್ತೆ. ಹಿತ್ತಾಳೆ ತಂತಿಯ ಬ್ರಶ್ ತಗೊಂಡು ಎಳೆಯ ಉದ್ದಕ್ಕೂ (ಅಡ್ಡ ಮಾತ್ರ ಎಳೀಬೇಡಿ, ಬೆಕ್ಕು ಪರಚಿದ ಹಾಗೆ ಆಗುತ್ತೆ) ಉಜ್ಜುತ್ತಾ ಹೋದರೆ ಮೆದು ಭಾಗ ಉದುರಿ ಗಟ್ಟಿ ಎಳೆ ದಿಬ್ಬದ ಹಾಗೆ ಉಳಿಯುತ್ತೆ. ಇಲ್ಲಿ ಏನನ್ನೂ ಮುಚ್ಚೋಕಾಗಲ್ಲ. ಹಳೇ ಮೊಳೆಯ ತೂತು, ಚೌಕಟ್ಟಾಗಿದ್ದಾಗಿನ ಸೀಳು ಎಲ್ಲಾ ಎದ್ದು ಕಾಣುತ್ತೆ. ಕುದುರೆ ಕೂರುವ ಜಾಗ, ಮೆಟ್ಟಿಲ ಪಟ್ಟಿ ಕೂರುವ ಜಾಗ, ಬಲ ಅಂಗೈ ಊರುವ ಜಾಗ, ಈ ಮೂರಕ್ಕೂ ಮೊದಲೇ ಟೇಪ್ ಅಂಟಿಸಿದ್ದೆ. ಕುದುರೆಯ ಅಡಿ ಸಪಾಟಾಗಿ ಇರಲೇಬೇಕು, ಅಲುಗಾಡಿದರೆ ದನಿ ಕೆಡುತ್ತೆ. ಅಂಗೈ ಊರುವ ಕಡೆ ದಿಬ್ಬಗಳು ನಿಧಾನವಾಗಿ ಇಳಿದು ನುಣುಪಿಗೆ ಸೇರಬೇಕು. ಈ ಇಳಿಜಾರು ಮಾಡೋಕೇ ನನಗೆ ಒಂದು ಇಡೀ ಭಾನುವಾರ ಬೇಕಾಯ್ತು. ಒರಟು ಎಲ್ಲಿ ನಿಲ್ಲಬೇಕು ಅನ್ನೋದೇ ಈ ಕೆಲಸದ ಕಷ್ಟ, ಒರಟು ಮಾಡೋದಲ್ಲ.

ಬಣ್ಣಕ್ಕೆ ಅಂಗಡಿಗೆ ಹೋಗಲಿಲ್ಲ. ನಮ್ಮ ಹಿರಿಯರು ಅಳಲೆಕಾಯಿ, ಅನ್ನಭೇದಿ ಸೇರಿಸಿ ಮಸಿ ಮಾಡುತ್ತಿದ್ದರಲ್ಲ, ಅದೇ ರಸಾಯನ. ಸಾಗುವಾನಿಯಲ್ಲಿ ಎಣ್ಣೆ ಅಂಶ ಇರೋದರಿಂದ ಮೊದಲು ಸ್ಪಿರಿಟ್‌ನಲ್ಲಿ ಒರೆಸಿದೆ. ರಾತ್ರಿ ನೆನೆಸಿಟ್ಟ ಅಳಲೆಕಾಯಿ ಪುಡಿಯ ನೀರನ್ನ ಸೋಸಿ ಬಳಿದು ಒಣಗಿಸಿದೆ. ಇನ್ನೊಂದು ಬಾಟಲಿಯಲ್ಲಿ ಉಕ್ಕಿನ ಉಣ್ಣೆಯನ್ನ ವಿನೆಗರಿನಲ್ಲಿ ಕೆಲವು ದಿನ ಬಿಟ್ಟಿದ್ದೆ, ಅದನ್ನ ಸೋಸಿ ಮೇಲೆ ಹಚ್ಚಿದೆ. ಕಣ್ಣೆದುರೇ ಮರ ಬೂದಿಯಾಗಿ, ಆಮೇಲೆ ಕಪ್ಪಾಯ್ತು. ಇದು ಮೇಲೆ ಕೂತ ಬಣ್ಣ ಅಲ್ಲ, ಕಬ್ಬಿಣವೂ ಅಳಲೆಯ ಒಗರೂ ಸೇರಿ ಮರದಲ್ಲೇ ಆದ ಕಪ್ಪು. ಒಣಗಿದ ಮೇಲೆ ದಿಬ್ಬಗಳ ತಲೆಯನ್ನ ಪಾಲಿಶ್ ಪೇಪರಿನಿಂದ ಹಗುರಾಗಿ ಸವರಿದೆ. ತಗ್ಗಿನಲ್ಲಿ ಕಪ್ಪು, ದಿಬ್ಬದ ಮೇಲೆ ಸಾಗುವಾನಿಯ ಕಂದು. ಕೊನೆಗೆ ಲಾಖ್ ದಾಣಾ, ಅಂದರೆ ನಮ್ಮ ಅರಗನ್ನ ಸ್ಪಿರಿಟಿನಲ್ಲಿ ಕರಗಿಸಿ ತೆಳ್ಳಗೆ ಎರಡು ಕೈ. ದಪ್ಪ ಬಳಿದರೆ ತಗ್ಗುಗಳು ತುಂಬಿಹೋಗಿ ಇಷ್ಟು ಹೊತ್ತು ಉಜ್ಜಿದ್ದೆಲ್ಲ ದಂಡ. ಮಳೆಗಾಲದಲ್ಲಿ ಮಾತ್ರ ಇದಕ್ಕೆ ಕೈ ಹಾಕಬಾರದು, ಮುಂಬಯಿಯ ತೇವಕ್ಕೆ ಅರಗು ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತೆ.

ಹೊಳಪಿಲ್ಲದಿದ್ದರೆ ಅಂದ ಎಲ್ಲಿ ಅಂತ ಕೇಳುವವರಿಗೆ ನಾನು ಬೀದರಿನ ಕಡೆ ಕೈ ತೋರಿಸ್ತೀನಿ. ಬಿದರಿ ಪಾತ್ರೆಯ ಮೈ ತವರ ಮತ್ತು ತಾಮ್ರದ ಎರಕವಲ್ಲ, ಸತು ಮತ್ತು ತಾಮ್ರದ್ದು. ಬೆಳ್ಳಿಯ ತಂತಿ ಕೂರಿಸಿದ ಮೇಲೆ ಬೀದರ್ ಕೋಟೆಯ ಹಳೇ ಮಣ್ಣನ್ನ ನವಸಾಗರದ ಜೊತೆ ಕಲಸಿ ಮೈಯನ್ನ ಕಪ್ಪು ಮಾಡ್ತಾರೆ. ಕಪ್ಪು ಹೊಳೆಯಲ್ಲ, ಅದಕ್ಕೇ ಬೆಳ್ಳಿ ಹೊಳೆಯುತ್ತೆ. ಇಡೀ ಹೂಜಿ ಮಿರಮಿರ ಅಂದಿದ್ದರೆ ಆ ಬಳ್ಳಿಯನ್ನ ಯಾರು ನೋಡುತ್ತಿದ್ದರು? ಗಿಟಾರಿನಲ್ಲೂ ಹೊಳೆಯಬೇಕಾದದ್ದು ತಂತಿ, ಸಲಾಕೆ, ಬಿರಡೆ. ಊರಲ್ಲಿ ಸಗಣಿ ಸಾರಿಸಿದ ಅಂಗಳದಲ್ಲಿ ಅಜ್ಜಿಯ ಕೈಯ ಅರ್ಧಚಂದ್ರಗಳು ಸಾಲಾಗಿ ಕಾಣುತ್ತಿದ್ದವಲ್ಲ, ಅದನ್ನ ಯಾರೂ ಅರ್ಧ ಕೆಲಸ ಅನ್ನುತ್ತಿರಲಿಲ್ಲ. ವಿಟ್ರಿಫೈಡ್ ಟೈಲ್ಸ್ ಬಂದ ಮೇಲೆ ನಮ್ಮ ಕಣ್ಣು ಕೆಟ್ಟಿತೋ ಏನೋ.

ಇದು ಬರೀ ರುಚಿಯ ಮಾತಾಗಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ ಒಬ್ಬರು ಬಂಗಾಳಿ ದಾದಾ ಇದ್ದಾರೆ. ಸಲಾಕೆ ಹಿಡಿಯೋದನ್ನ ನನಗೆ ಕಲಿಸಿದವರು ಅವರೇ. ಕಲ್ಕತ್ತೆಯಿಂದ ಹದಿನೇಳನೇ ವಯಸ್ಸಿನಲ್ಲಿ ತಂದ ಅವರ ಗಿಟಾರಿನಲ್ಲಿ ಬಲ ಅಂಗೈ ಊರುವ ಕಡೆ ಪಾಲಿಶ್ ಸವೆದು, ಮರವೂ ಸವೆದು, ಬಟ್ಟಲಿನಂಥ ಒಂದು ತಗ್ಗು ಆಗಿತ್ತು. ಅವರ ಎಪ್ಪತ್ತೈದನೇ ಹುಟ್ಟುಹಬ್ಬಕ್ಕೆ ಮಗ, ಪಾಪ ಪ್ರೀತಿಯಿಂದಲೇ, ಅದನ್ನ ಒಂದು ಅಂಗಡಿಗೆ ಕೊಟ್ಟು ಹೊಸದು ಮಾಡಿಸಿದ. ಅಂಗಡಿಯವರು ತಗ್ಗಿಗೆ ಪುಟ್ಟಿ ತುಂಬಿ, ಎಲ್ಲಾ ತಿಕ್ಕಿ, ಕಾರಿನ ಹಾಗೆ ಕರೀ ಬಣ್ಣ ಹೊಡೆದು ಕಳಿಸಿದರು. ದಾದಾ ಅದರಲ್ಲಿ ತಮ್ಮ ಮುಖ ನೋಡಿಕೊಂಡರು. "ಭಾಲೋ, ಖೂಬ್ ಭಾಲೋ" ಅಂದರು. ನುಡಿಸೋಕೆ ಕೂತಾಗ ಅವರ ಅಂಗೈ ಆ ತಗ್ಗನ್ನ ಹುಡುಕುತ್ತಾ ಎರಡು ಮೂರು ಸಲ ಅತ್ತಿತ್ತ ಸರಿಯಿತು. ಆಮೇಲೆ ಪೆಟ್ಟಿಗೆಯಲ್ಲಿಟ್ಟರು. ಈಗ ಹೆಚ್ಚಾಗಿ ಪೆಟ್ಟಿಗೆಯಲ್ಲೇ ಇದೆ.

ಐವತ್ತೆಂಟು ವರ್ಷ ಒಂದು ಕೈ ಮಾಡಿದ ಕೆಲಸವನ್ನ ನಾಲ್ಕು ದಿನದಲ್ಲಿ ಅಳಿಸಿ, ಅದಕ್ಕೆ ದುಡ್ಡೂ ತಗೊಳ್ಳೋದಕ್ಕೆ ರಿಪೇರಿ ಅನ್ನಬೇಕಾ? ಹಳೇ ಹವಾಯಿಯನ್ ಗಿಟಾರುಗಳು ನಮ್ಮಲ್ಲಿ ಮೊದಲೇ ಕಡಿಮೆ. ಅಟ್ಟದ ಮೇಲೆ ನಿಮ್ಮ ಚಿಕ್ಕಪ್ಪನದೋ ಮಾವನದೋ ಒಂದು ಸಿಕ್ಕರೆ ದಯವಿಟ್ಟು ತಂತಿ ಬದಲಿಸಿ, ಬಿರಡೆಗೆ ಎಣ್ಣೆ ಬಿಡಿ, ಧೂಳು ಒರೆಸಿ, ಅಷ್ಟು ಸಾಕು. ಬಣ್ಣದ ಅಂಗಡಿಗೆ ಒಯ್ಯಬೇಡಿ.

ನನ್ನ ವಿಧಾನಕ್ಕೂ ಕುಂದುಗಳಿವೆ, ಇಲ್ಲ ಅನ್ನಲ್ಲ. ತಗ್ಗಿನಲ್ಲಿ ಧೂಳು ಕೂರುತ್ತೆ, ಹಳೇ ಟೂತ್‌ಬ್ರಶ್ ಬೇಕು. ಅರಗು ಪಿಯುನಷ್ಟು ಗಟ್ಟಿಯಲ್ಲ, ಬಿಸಿ ಚಹಾ ಲೋಟ ಇಟ್ಟರೆ ಉಂಗುರ ಮೂಡುತ್ತೆ. ಆದರೆ ಪಿಯು ಒಂದು ಕಡೆ ಎದ್ದರೆ ಇಡೀ ಮೈ ತಿಕ್ಕಿಸಬೇಕಾಗಿ ಬರಬಹುದು. ಅರಗಿನ ಮೇಲೆ ಹೊಸ ಅರಗು ಹಚ್ಚಿದರೆ ಹಳೆಯದರ ಜೊತೆ ಕರಗಿ ಒಂದಾಗುತ್ತೆ, ಮನೆಯಲ್ಲೇ, ಒಂದು ಹತ್ತಿ ಉಂಡೆಯಲ್ಲಿ. ದನಿಯ ಬಗ್ಗೆ ಕೇಳಿದರೆ, ಗಟ್ಟಿ ಹಲಗೆಯ ಎಲೆಕ್ಟ್ರಿಕ್ ವಾದ್ಯದಲ್ಲಿ ಪಿಕಪ್ ಹಿಡಿಯೋದು ತಂತಿಯ ಕಂಪನವನ್ನ. ಮೇಲಿನ ಪಾಲಿಶ್‌ನಿಂದ ನಾದ ಬದಲಾಯ್ತು ಅನ್ನುವವರ ಕಿವಿಗೆ ನನ್ನ ದೂರದ ನಮಸ್ಕಾರ.

ಮೊನ್ನೆ ಒಬ್ಬರು ಪುಣೆಯಿಂದ ಬಂದು ನೋಡಿ, ನುಡಿಸಿ, ಇಷ್ಟಪಟ್ಟರು. ಇಂಥದ್ದೇ ಒಂದು ಬೇಕು, ಆದರೆ ಗ್ಲಾಸಿಯಲ್ಲಿ ಅಂದರು. ಮರ ನನ್ನ ಹತ್ತಿರ ಇದೆ, ಅದೇ ತೊಲೆಯ ಇನ್ನೊಂದು ತುಂಡು. ಗ್ಲಾಸಿ ಬೇಕಿದ್ದರೆ ಕಾರ್ಖಾನೆಯದೇ ತಗೊಳ್ಳಿ, ಅಗ್ಗವಾಗಿಯೂ ಚೆನ್ನಾಗಿಯೂ ಸಿಗುತ್ತೆ ಅಂತ ಹೇಳಿ, ಉಜ್ಜಿ ಕಪ್ಪು ಮಾಡಿದ ಒಂದು ಮಾದರಿ ತುಂಡನ್ನ ಅವರ ಕೈಯಲ್ಲಿಟ್ಟು ಕಳಿಸಿದೆ. ಮಳೆ ಶುರುವಾಗೋಕೆ ಮುಂಚೆ ಹೇಳಿ ಅಂದಿದ್ದೀನಿ.