ತನಿಖಾಧಿಕಾರಿಗಳ ತರಬೇತಿ: ವರ್ತಕ ಸಮುದಾಯ ಕೇಳದಿರುವ ಪ್ರಶ್ನೆ

ಪೇಟೆಯಲ್ಲಿ ಚಿನ್ನದಂಗಡಿಯೊಂದು ಲೂಟಿಯಾದಾಗ ಅಥವಾ ವಸೂಲಿ ಮುಗಿಸಿ ಹಿಂದಿರುಗುತ್ತಿದ್ದ ವರ್ತಕನ ಮೇಲೆ ಮಾರಣಾಂತಿಕ ಹಲ್ಲೆ ನಡೆದಾಗ, ವಾಣಿಜ್ಯ ಸಂಸ್ಥೆಗಳಿಂದ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಮನವಿಪತ್ರ ಸಲ್ಲಿಕೆಯಾಗುವುದು ವಾಡಿಕೆ. ರಾತ್ರಿ ಗಸ್ತು ಹೆಚ್ಚಿಸಬೇಕು, ಹೊರಠಾಣೆ ತೆರೆಯಬೇಕು, ವೃತ್ತಗಳಲ್ಲಿ ಕ್ಯಾಮೆರಾ ಅಳವಡಿಸಬೇಕು ಎಂಬ ಬೇಡಿಕೆಗಳು ಅದರಲ್ಲಿರುತ್ತವೆ. ಇವೆಲ್ಲ ನ್ಯಾಯವಾದವುಗಳೇ. ಆದರೆ ಪ್ರಕರಣದ ತನಿಖೆ ನಡೆಸುವ ಅಧಿಕಾರಿ ಆ ವಿದ್ಯೆಯನ್ನು ಎಲ್ಲಿ, ಎಷ್ಟು ದಿನ, ಯಾರಿಂದ ಕಲಿತಿದ್ದಾರೆ ಎಂಬ ಪ್ರಶ್ನೆ ಇಂಥ ಮನವಿಗಳಲ್ಲಿ ಕಾಣಸಿಗುವುದು ಅಪರೂಪ. ವಾಸ್ತವದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಅದೇ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರದಿಯಂತೆ 2022ರಲ್ಲಿ ದೇಶದಲ್ಲಿ 28,522 ಕೊಲೆ ಪ್ರಕರಣಗಳು ದಾಖಲಾದವು. ಆ ವರ್ಷ ನ್ಯಾಯಾಲಯಗಳಲ್ಲಿ ವಿಚಾರಣೆ ಮುಗಿದ ಕೊಲೆ ಪ್ರಕರಣಗಳ ಪೈಕಿ ಶಿಕ್ಷೆಯಲ್ಲಿ ಕೊನೆಗೊಂಡವು ಅರ್ಧಕ್ಕಿಂತ ಕಡಿಮೆ. ಖುಲಾಸೆಯಾದವರಲ್ಲಿ ನಿರಪರಾಧಿಗಳೂ ಇರುತ್ತಾರೆ, ಅಪರಾಧ ಎಸಗಿಯೂ ಸಾಕ್ಷ್ಯದ ಕೊರತೆಯಿಂದ ಪಾರಾದವರೂ ಇರುತ್ತಾರೆ. ಎರಡೂ ಸಂದರ್ಭಗಳಲ್ಲಿ ನಿಜವಾದ ಕೊಲೆಗಾರ ಹೊರಗೇ ಉಳಿಯುತ್ತಾನೆ. ಶಿಕ್ಷೆಯ ಪ್ರಮಾಣಕ್ಕಿಂತ ಶಿಕ್ಷೆಯ ಖಚಿತತೆಯೇ ಅಪರಾಧವನ್ನು ತಡೆಯುತ್ತದೆ ಎಂದು ಇಟಲಿಯ ಚಿಂತಕ ಬೆಕ್ಕಾರಿಯಾ 1764ರಷ್ಟು ಹಿಂದೆಯೇ ವಾದಿಸಿದ್ದನು. ವರ್ತಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ತೆರಿಗೆಯ ದಂಡ ಎಷ್ಟು ಎಂಬುದಕ್ಕಿಂತ ಲೆಕ್ಕ ತಪಾಸಣೆಗೆ ಬರುವ ಸಂಭವ ಎಷ್ಟು ಎಂಬುದೇ ಮನುಷ್ಯನನ್ನು ಎಚ್ಚರದಲ್ಲಿಡುತ್ತದೆ.

ತನಿಖೆ ಎಲ್ಲಿ ಸಡಿಲವಾಗುತ್ತದೆ? ಬಹುಮಟ್ಟಿಗೆ ಮೊದಲ ಕೆಲವು ಗಂಟೆಗಳಲ್ಲಿ. ಜನ ತುಳಿದಾಡಿದ ಘಟನಾ ಸ್ಥಳ, ಒಣಗಿಸದೆ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿದ ರಕ್ತಸಿಕ್ತ ಬಟ್ಟೆ, ಮೊಹರು ಹಾಕಿದ ದಿನಾಂಕವೊಂದು, ಪ್ರಯೋಗಾಲಯ ತಲಪಿದ ದಿನಾಂಕ ಇನ್ನೊಂದು, ನಡುವಣ ದಿನಗಳಲ್ಲಿ ಮುದ್ದೆಮಾಲು ಯಾರ ವಶದಲ್ಲಿತ್ತು ಎಂಬುದಕ್ಕೆ ದಾಖಲೆಯೇ ಇಲ್ಲ. ದಾಸ್ತಾನು ಪುಸ್ತಕದಲ್ಲಿ ಒಳಬಂದ ಸರಕು ನಮೂದಾಗಿ, ಹೊರಹೋದದ್ದು ನಮೂದಾಗದಿದ್ದರೆ ಯಾವ ಲೆಕ್ಕಪರಿಶೋಧಕನೂ ಸಹಿ ಹಾಕಲಾರ. ನ್ಯಾಯಾಧೀಶರೂ ಹಾಕುವುದಿಲ್ಲ.

ಮಹಜರಿನ ಅನುಭವವಂತೂ ಪೇಟೆಯವರಿಗೆ ಚೆನ್ನಾಗಿ ಗೊತ್ತು. ಪಂಚರಾಗಿ ಕರೆಯಲ್ಪಡುವವರು ಸಾಮಾನ್ಯವಾಗಿ ಪಕ್ಕದ ಅಂಗಡಿಯವರೇ. ಸ್ಥಳದಲ್ಲಿ ನಡೆಯಬೇಕಾದ ಮಹಜರಿಗೆ ಠಾಣೆಯಲ್ಲಿ ಸಹಿ ಮಾಡಿಸಿಕೊಂಡರೆ, ಕೆಲವು ವರ್ಷಗಳ ನಂತರ ಕಟಕಟೆಯಲ್ಲಿ ನಿಂತ ಆ ಅಂಗಡಿಯವನು ತಾನು ಕಾಣದ್ದನ್ನು ಕಂಡೆನೆಂದು ಹೇಳಲು ಒಪ್ಪುವುದಿಲ್ಲ. ಆತನನ್ನು ಪ್ರತಿಕೂಲ ಸಾಕ್ಷಿಯೆಂದು ಘೋಷಿಸಲಾಗುತ್ತದೆ, ಪ್ರಕರಣ ಕುಸಿಯುತ್ತದೆ, ದೂರು ಮಾತ್ರ ಸಾಕ್ಷಿಯ ಮೇಲೆ! 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಶೋಧನೆ ಮತ್ತು ಜಪ್ತಿಯ ಇಡೀ ಪ್ರಕ್ರಿಯೆಯನ್ನು, ಸಾಕ್ಷಿಗಳ ಸಹಿಯೂ ಸೇರಿದಂತೆ, ದೃಶ್ಯ-ಶ್ರವ್ಯ ಮಾಧ್ಯಮದಲ್ಲಿ ದಾಖಲಿಸಬೇಕೆಂದು ವಿಧಿಸಿದೆ. ಸ್ವಾಗತಾರ್ಹ ಕ್ರಮ. ಆದರೆ ಏನನ್ನು, ಯಾವ ಕ್ರಮದಲ್ಲಿ ಚಿತ್ರೀಕರಿಸಬೇಕೆಂದು ಕಲಿಯದವರ ಕೈಯಲ್ಲಿ ಮೊಬೈಲು ದೂರವಾಣಿ ಎದುರು ಪಕ್ಷದ ವಕೀಲರಿಗೇ ಉಪಕಾರ ಮಾಡೀತು.

ಅಂಗಡಿಗಳ ಸಿಸಿಟಿವಿಯ ಮಾತೂ ಹಾಗೆಯೇ. ಹಳೆಯ ಚಿತ್ರಣದ ಮೇಲೆ ಹೊಸದು ದಾಖಲಾಗುತ್ತ ಹೋಗುವುದರಿಂದ ತಡವಾಗಿ ಬಂದ ಅಧಿಕಾರಿಗೆ ಸಿಗುವುದು ಶೂನ್ಯ. ವಿದ್ಯುನ್ಮಾನ ದಾಖಲೆಯ ಪ್ರತಿಗೆ ಪ್ರಮಾಣಪತ್ರ ಕಡ್ಡಾಯವೆಂದು ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿತು. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ನಮೂನೆಯಲ್ಲಿ ದಾಖಲೆಯ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕಾಗಿದೆ. ಮಾಲೀಕನಿಂದ ಯಾವ ಭಾಗಕ್ಕೆ, ತಜ್ಞರಿಂದ ಯಾವ ಭಾಗಕ್ಕೆ ಸಹಿ ಪಡೆಯಬೇಕೆಂಬುದನ್ನು ಠಾಣೆಯ ಅಧಿಕಾರಿಯೇ ಅರಿಯದಿದ್ದರೆ ವರ್ತಕನು ಕ್ಯಾಮೆರಾಕ್ಕೆ ಹಾಕಿದ ಹಣ ನ್ಯಾಯಾಲಯದ ಮಟ್ಟಿಗೆ ವ್ಯರ್ಥ.

ಹಾಗೆಂದು ತರಬೇತಿ ಸಂಸ್ಥೆಗಳಿಗೆ ಬರವಿಲ್ಲ. ಕೋಲ್ಕತ್ತದಲ್ಲಿ 1958ರಲ್ಲಿ, ಹೈದರಾಬಾದಿನಲ್ಲಿ 1964ರಲ್ಲಿ ಕೇಂದ್ರೀಯ ಪತ್ತೇದಾರಿ ತರಬೇತಿ ಶಾಲೆಗಳು ಆರಂಭವಾದವು. ಮೈಸೂರಿನಲ್ಲಿ ಕರ್ನಾಟಕ ಪೊಲೀಸ್ ಅಕಾಡೆಮಿ ಇದೆ. ಸೈಬರ್ ಅಪರಾಧಗಳ ತನಿಖೆಯನ್ನು ಕಲಿಸಲು ಬೆಂಗಳೂರಿನ ಸಿಐಡಿ ಕಚೇರಿಯಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಪ್ರತ್ಯೇಕ ಕೇಂದ್ರ ಸ್ಥಾಪನೆಯಾಗಿದೆ. ಕೊರತೆ ಇರುವುದು ಕಲಿಕೆ ಮತ್ತು ಕೆಲಸಗಳ ನಡುವಣ ಕೊಂಡಿಯಲ್ಲಿ. ತನಿಖೆಯ ತರಬೇತಿ ಪಡೆದು ಬಂದ ಸಬ್ ಇನ್‌ಸ್ಪೆಕ್ಟರು ಮರುವಾರ ಜಾತ್ರೆಯ ಬಂದೋಬಸ್ತಿಗೋ ಮಂತ್ರಿಗಳ ಪ್ರವಾಸಕ್ಕೋ ನಿಯೋಜಿತರಾದರೆ ಕಲಿತದ್ದು ಕೈಗೆ ಹತ್ತುವುದಿಲ್ಲ. ಕರ್ನಾಟಕದ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ. ಎಸ್. ಮಳೀಮಠರ ಸಮಿತಿ 2003ರ ವರದಿಯಲ್ಲಿ ತನಿಖಾ ವಿಭಾಗವನ್ನು ಕಾನೂನು-ಸುವ್ಯವಸ್ಥೆಯಿಂದ ಬೇರ್ಪಡಿಸಬೇಕೆಂದಿತು. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2006ರಲ್ಲಿ ಅದನ್ನೇ ಆದೇಶಿಸಿ, ಹತ್ತು ಲಕ್ಷ ಮತ್ತು ಅದಕ್ಕೂ ಮೇಲ್ಪಟ್ಟ ಜನಸಂಖ್ಯೆಯ ನಗರಗಳಿಂದ ಆರಂಭಿಸಬಹುದೆಂದು ಸೂಚಿಸಿತು. ಲೆಕ್ಕಪರಿಶೋಧನೆಯ ವಿದ್ಯಾರ್ಥಿ ಪರೀಕ್ಷೆ ಪಾಸಾದರಷ್ಟೇ ಸಾಲದು, ಅನುಭವಿಯ ಕೈಕೆಳಗೆ ವರ್ಷಗಟ್ಟಲೆ ದುಡಿಯಬೇಕು. ಮನುಷ್ಯನ ಜೀವ, ಸ್ವಾತಂತ್ರ್ಯಗಳು ಪಣಕ್ಕಿರುವ ಕಸುಬಿಗೆ ಅಷ್ಟಾದರೂ ಬೇಡವೇ?

ಪಠ್ಯವೇನಿರಬೇಕೆಂಬುದಕ್ಕೂ ಮಾರ್ಗದರ್ಶನ ದೊರೆತಿದೆ. ಗುಜರಾತ್ ಸರ್ಕಾರ ಮತ್ತು ಕಿಶನ್‌ಭಾಯಿ ನಡುವಣ ಪ್ರಕರಣದಲ್ಲಿ, ಪುಟ್ಟ ಬಾಲಕಿಯ ಮೇಲಿನ ಅತ್ಯಾಚಾರ ಮತ್ತು ಕೊಲೆಯ ಆರೋಪಿ ತನಿಖೆಯ ಲೋಪಗಳಿಂದಾಗಿ ಬಿಡುಗಡೆಗೊಂಡದ್ದನ್ನು ಕಂಡ ಸುಪ್ರೀಂ ಕೋರ್ಟು 2014ರ ಜನವರಿಯಲ್ಲಿ ಒಂದು ಆದೇಶ ನೀಡಿತು. ಪ್ರತಿಯೊಂದು ಖುಲಾಸೆಯ ಕಾರಣಗಳನ್ನೂ ಪರಿಶೀಲಿಸಬೇಕು, ಅಲ್ಲಿ ಕಂಡ ತಪ್ಪುಗಳನ್ನು ಕಿರಿಯ ತನಿಖಾಧಿಕಾರಿಗಳ ತರಬೇತಿಯಲ್ಲಿ ಅಳವಡಿಸಬೇಕು, ತಪ್ಪಿತಸ್ಥ ಅಧಿಕಾರಿಗಳ ಮೇಲೆ ಇಲಾಖಾ ಕ್ರಮ ಜರುಗಿಸಬೇಕು ಎಂಬುದು ಅದರ ಸಾರ. ಇದಕ್ಕಿಂತ ಮಿತವ್ಯಯದ ತರಬೇತಿ ಇನ್ನೊಂದಿಲ್ಲ. ಪಾಠದ ಸಾಮಗ್ರಿ ಆಯಾ ಜಿಲ್ಲಾ ನ್ಯಾಯಾಲಯದಲ್ಲಿಯೇ ಸಿದ್ಧವಾಗಿರುತ್ತದೆ.

ವಿಚಾರಣೆಯ ಕಲೆಯನ್ನಂತೂ ಹೊಸದಾಗಿಯೇ ಕಲಿಸಬೇಕಾಗಿದೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆಗೆ ನಮ್ಮಲ್ಲಿ 1872ರಿಂದಲೂ ಸಾಕ್ಷ್ಯದ ಬೆಲೆಯಿಲ್ಲ. ಆದರೂ ಹೊಡೆದು ಬಾಯಿಬಿಡಿಸುವ ಹಳೆಯ ಚಾಳಿ ತೊಲಗಿಲ್ಲ. ಇಂಗ್ಲೆಂಡಿನಲ್ಲಿ ಗಿಲ್ಡ್‌ಫರ್ಡ್ ನಾಲ್ವರು 1989ರಲ್ಲಿ, ಬರ್ಮಿಂಗ್‌ಹ್ಯಾಮ್ ಆರು ಮಂದಿ 1991ರಲ್ಲಿ ನಿರಪರಾಧಿಗಳಾಗಿ ಸೆರೆಯಿಂದ ಹೊರಬಂದ ಮೇಲೆ ಅಲ್ಲಿನ ಪೊಲೀಸರು ‘ಪೀಸ್’ ಎಂಬ ಪ್ರಶ್ನಿಸುವ ವಿಧಾನವನ್ನು ರೂಪಿಸಿಕೊಂಡರು. ಒಪ್ಪಿಸುವುದಕ್ಕಿಂತ ವಿವರ ಸಂಗ್ರಹಿಸಿ ತಾಳೆ ನೋಡುವುದೇ ಅದರ ಗುರಿ.

ಕ್ಷಣದ ಕೋಪದಲ್ಲಿ ನಡೆಯುವ ಕೊಲೆಯನ್ನು ಯಾವ ತರಬೇತಿಯೂ ತಡೆಯಲಾರದು ಎಂಬ ಆಕ್ಷೇಪಣೆ ನಿಜವೇ. ಪ್ರಯೋಗಾಲಯಗಳ ವರದಿ ವಿಳಂಬವಾದರೆ ಒಳ್ಳೆಯ ತನಿಖಾಧಿಕಾರಿಯೂ ನಿರುಪಾಯ. ಆದರೆ ವರ್ತಕರನ್ನು ಕಾಡುವ ದರೋಡೆ, ಹಫ್ತಾ ವಸೂಲಿ, ಸುಪಾರಿ ಹಲ್ಲೆಗಳನ್ನು ಮಾಡುವವರಲ್ಲಿ ಹಳಬರೇ ಹೆಚ್ಚು. ಒಂದು ಪ್ರಕರಣದಲ್ಲಿ ಪಾರಾದವನು ಮುಂದಿನದಕ್ಕೆ ಧೈರ್ಯ ಪಡೆಯುತ್ತಾನೆ.

ಏಳು ವರ್ಷ ಮತ್ತು ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಘಟನಾ ಸ್ಥಳಕ್ಕೆ ಬರಲೇಬೇಕೆಂಬ 176ನೇ ಕಲಮಿನ ನಿಯಮವನ್ನು ಐದು ವರ್ಷಗಳೊಳಗೆ ಜಾರಿಗೊಳಿಸಲು ಹೊಸ ಸಂಹಿತೆ ರಾಜ್ಯಗಳಿಗೆ ಅವಕಾಶ ನೀಡಿದೆ. ಆ ಅವಧಿಯಲ್ಲಿ ಸಲ್ಲಿಸುವ ಪ್ರತಿ ಮನವಿಪತ್ರದಲ್ಲೂ ಎರಡು ಅಂಕಿಗಳನ್ನು ಕೇಳಬಹುದು: ಕಳೆದ ಮೂರು ವರ್ಷಗಳಲ್ಲಿ ತನಿಖೆಯ ತರಬೇತಿ ಪಡೆದ ಜಿಲ್ಲೆಯ ಅಧಿಕಾರಿಗಳಲ್ಲಿ ಈಗಲೂ ತನಿಖೆಯಲ್ಲಿಯೇ ಇರುವವರು ಎಷ್ಟು? 2014ರ ಆದೇಶದಂತೆ ಪರಿಶೀಲನೆಗೊಳಪಟ್ಟ ಖುಲಾಸೆಗಳು ಎಷ್ಟು? ಮನವಿಗೆ ಉತ್ತರ ಬಾರದಿದ್ದಲ್ಲಿ 2005ರ ಮಾಹಿತಿ ಹಕ್ಕು ಅಧಿನಿಯಮದಡಿ ಅರ್ಜಿ ಸಲ್ಲಿಸಲು ವರ್ತಕ ಸದಸ್ಯರಿಗೆ ಅಡ್ಡಿಯೇನಿಲ್ಲ.