ನಮ್ ಹುಡುಗ್ರಿಗೆ ಪ್ರಪಂಚದ ಇತಿಹಾಸ ಯಾಕ ಬೇಕು ಅನ್ನೋರಿಗೆ



"ನಮ್ ಹುಡುಗ್ರಿಗೆ ಪ್ರಪಂಚದ ಇತಿಹಾಸ ಯಾಕ ಬೇಕು? ಕಂಪ್ಯೂಟರ್ ಕಲ್ತು ಬೆಂಗಳೂರಿಗೆ ಹೋಗ್ಲಿ ಬುಡಿ." ಈ ಮಾತನ್ನ ಮೇಷ್ಟ್ರುಗಳ ಬಾಯಲ್ಲೂ ಕೇಳಿದ್ದೀನಿ, ನಮ್ಮ ಸಂಘಟನೆಯವರ ಬಾಯಲ್ಲೂ ಕೇಳಿದ್ದೀನಿ. ಕ್ಲಾಸಲ್ಲಿ ನಡೆಯೋ ಪಾಠವೂ ಅದಕ್ಕೆ ತಕ್ಕಂಗೇ ಇದೆ: ಫ್ರೆಂಚ್ ಕ್ರಾಂತಿ, ನೆಪೋಲಿಯನ್, ಬಿಸ್ಮಾರ್ಕ್, ಎರಡು ಮಹಾಯುದ್ಧ, ಮುಗೀತು. ಆಫ್ರಿಕಾ ಅಂದ್ರೆ ಐದು ಮಾರ್ಕಿನ ಟಿಪ್ಪಣಿ. ನಾನು ಬಿ.ಎ. ಓದಿದ್ದೂ ಹಿಂಗೇ.

ನಮ್ಮ ಸತ್ತೇಗಾಲದ ಪಕ್ಕದ ಶಿವನಸಮುದ್ರವನ್ನೇ ತಗೊಳ್ಳಿ. 1902ರಲ್ಲಿ ಅಲ್ಲಿ ಕರೆಂಟು ತಯಾರಾಗೋಕೆ ಶುರುವಾಯ್ತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ದೂರದೃಷ್ಟಿ ಅಂತ ಎಲ್ಲರೂ ಹೊಗಳ್ತಾರೆ, ಹೊಗಳಲಿ. ಆ ಕರೆಂಟು ಮೊದಲು ಹೋಗಿದ್ದೆಲ್ಲಿಗೆ? ಹೊಳೆ ದಂಡೆಯ ಹಳ್ಳಿಗಳಿಗಲ್ಲ. (ಆಗ ಕೊಳ್ಳೇಗಾಲ ತಾಲ್ಲೂಕು ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಮೈಸೂರಿಗೆ ಸೇರಿದ್ದು 1956ರಲ್ಲಿ.) ಬೆಂಗಳೂರು ಕೂಡ 1905ರವರೆಗೆ ಕಾಯಬೇಕಾಯ್ತು. ಕರೆಂಟು ಹೋಗಿದ್ದು 90 ಮೈಲಿಗೂ ದೂರದ ಕೋಲಾರದ ಚಿನ್ನದ ಗಣಿಗೆ. ಯಂತ್ರ ಅಮೆರಿಕದ ಜನರಲ್ ಎಲೆಕ್ಟ್ರಿಕ್ಕಿನದು. ಗಣಿ ನಡೆಸ್ತಿದ್ದದ್ದು ಲಂಡನ್ನಿನ ಜಾನ್ ಟೇಲರ್ ಕಂಪನಿ, ಲಾಭವೂ ಅಲ್ಲಿಗೇ. ನೆಲದ ಕೆಳಗೆ ಇಳೀತಿದ್ದವರು ಹೆಚ್ಚಾಗಿ ತಮಿಳು ಸೀಮೆಯಿಂದ ಬಂದ ದಲಿತರು, ಕಲ್ಲಿನ ಧೂಳು ಕುಡಿದು ಸಿಲಿಕೋಸಿಸ್ ಹತ್ತಿಸ್ಕೊಂಡವರು. ಕಾವೇರಿ ನೀರು, ಅಮೆರಿಕದ ಯಂತ್ರ, ಲಂಡನ್ನಿನ ಬಂಡವಾಳ, ನಮ್ಮ ಜನರ ಶ್ವಾಸಕೋಶ. ಇದಕ್ಕಿಂತ ಒಳ್ಳೇ ವಿಶ್ವ ಇತಿಹಾಸದ ಪಾಠ ಯಾವ ಪುಸ್ತಕದಲ್ಲಿದೆ ಹೇಳಿ? ಬಸ್ಸಲ್ಲಿ ಕೂರಿಸಿ ಕರ್ಕೊಂಡೋಗಿ ತೋರಿಸಬಹುದು. ತೋರಿಸೋದು ಮಾತ್ರ ಜಲಪಾತ.

ಆ ಜನ ಸುಮ್ಮನೆ ಸತ್ತವರೂ ಅಲ್ಲ. ಸಿಲೋನಿಗೆ ಹೋಗಿ ಬೌದ್ಧರಾಗಿ ಬಂದ ಅಯೋತಿದಾಸ್ ಪಂಡಿತರ ಮಾತು ಕೇಳಿ, ಬಾಬಾಸಾಹೇಬರ ದೀಕ್ಷೆಗೆ ಎಷ್ಟೋ ವರ್ಷ ಮೊದಲೇ ಮಾರಿಕುಪ್ಪಂನಲ್ಲಿ ಬೌದ್ಧ ಸಂಘ ಕಟ್ಟಿದರು. 1930ರಲ್ಲಿ ಕಳ್ಳರಂಗೆ ಬೆರಳಚ್ಚು ಕೊಡಲ್ಲ ಅಂತ ಮುಷ್ಕರ ಹೂಡಿದರು.

ಇನ್ನು ಫ್ರೆಂಚ್ ಕ್ರಾಂತಿ. ಸ್ವಾತಂತ್ರ್ಯ, ಸಮಾನತೆ, ಸಹೋದರತ್ವ ಅಂತ ಬಾಯಿಪಾಠ ಮಾಡಿಸ್ತಾರೆ. ಆ ಫ್ರಾನ್ಸಿನ ಕಬ್ಬಿನ ತೋಟಗಳಲ್ಲಿ ದುಡೀತಿದ್ದ ಆಫ್ರಿಕಾದ ಗುಲಾಮರು 1791ರಲ್ಲಿ ದಂಗೆ ಎದ್ದು, ನೆಪೋಲಿಯನ್ನನ ಸೈನ್ಯವನ್ನೇ ಸೋಲಿಸಿ, 1804ರಲ್ಲಿ ಹೈಟಿ ದೇಶ ಕಟ್ಟಿದ್ದನ್ನ ಯಾಕೆ ಹೇಳಲ್ಲ? 1825ರಲ್ಲಿ ಅದೇ ಫ್ರಾನ್ಸ್ ಯುದ್ಧನೌಕೆ ನಿಲ್ಲಿಸಿ, ತೋಟದ ಮಾಲೀಕರ ನಷ್ಟಕ್ಕೆ 15 ಕೋಟಿ ಫ್ರಾಂಕ್ ಕೊಡಿ ಅಂತ ಕೇಳಿತು. ಬಿಡುಗಡೆಯಾದವನೇ ಒಡೆಯನಿಗೆ ದಂಡ ಕಟ್ಟಬೇಕು! ಜೀತ ಬಿಟ್ಟುಬಂದವರ ಮೊಮ್ಮಕ್ಕಳಿಗೆ ಈ ಪಾಠ ವಿವರಿಸೋದೇ ಬೇಡ.

ಬಾಬಾಸಾಹೇಬರಿಗೆ ಇದೆಲ್ಲ ಗೊತ್ತಿತ್ತು. 1946ರಲ್ಲಿ ಅಮೆರಿಕದ ಡು ಬಾಯ್ಸ್‌ಗೆ ಪತ್ರ ಬರೆದು, ಕರಿಯರು ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಕಳಿಸಿ ಅಂತ ಕೇಳಿದ್ದರು. ಕೊಲಂಬಿಯಾದಲ್ಲಿ ಓದಿದವರ ಫೋಟೋ ಇಟ್ಕೊಂಡು "ನಮ್ಗೆ ಪ್ರಪಂಚ ಬ್ಯಾಡ" ಅನ್ನೋ ಸಂಗಾತಿಗಳೇ, ಸ್ವಲ್ಪ ಯೋಚನೆ ಮಾಡಿ.

ವಿಶ್ವವಿದ್ಯಾಲಯದ ಪಠ್ಯ ಸಮಿತಿಗೆ ಮನವಿ ಕೊಡಬೇಕು. ನಿಮ್ಮ ಕೇರಿಯಲ್ಲಿ ಬಿ.ಎ. ಓದ್ತಿರೋ ಮಕ್ಕಳ ಸಿಲಬಸ್ಸಿನ ಫೋಟೋ ತೆಗೆದು ನನಗೆ ಕಳಿಸಿ. ಕರಡು ಟೈಪ್ ಮಾಡೋದು ನನಗಿರಲಿ, ದಿನಾ ಆಫೀಸಲ್ಲಿ ಮಾಡೋ ಕೆಲಸವೇ ಅದು.