ಮೂಗು ಎಷ್ಟು ರನ್ ಹೊಡೀತು?

ಹೋದ ಭಾನುವಾರ ನನ್ನ ಐದು ವರ್ಷದ ಮಗಳು ಊರಿಗೆ ವಿಡಿಯೊ ಕಾಲ್ ಮಾಡಿ, "ಅಜ್ಜಿ, ನಂಗೆ ಕೋಲ್ಡು, ಮೂಗು ರನ್ ಆಗ್ತಿದೆ" ಅಂದಳು. ನಮ್ಮಮ್ಮನಿಗೆ ಗೊತ್ತಿರುವುದು ಒಂದೇ ರನ್, ಅಪ್ಪ ಟಿವಿಯಲ್ಲಿ ನೋಡುವ ಕ್ರಿಕೆಟ್ಟಿನದು. "ಹೌದಾ ಮಗಾ? ಎಷ್ಟು ರನ್ ಹೊಡೀತು?" ಅಂತ ಕೇಳಿದಳು. ನಾನೂ ಹೆಂಡತಿಯೂ ಬಿದ್ದು ಬಿದ್ದು ನಕ್ಕೆವು. ಮಗಳು ನಗಲಿಲ್ಲ. ಫೋನನ್ನು ನನ್ನ ಕೈಗಿಟ್ಟು, "ಅಜ್ಜಿಗೆ ಏನೂ ಗೊತ್ತಾಗಲ್ಲ" ಅಂತ ಎದ್ದು ಹೋದಳು.

ನನ್ನ ನಗು ಅಲ್ಲಿಗೆ ನಿಂತಿತು. ಅಮ್ಮನ ಬಾಯಲ್ಲಿ ಮೂಗು ಸೋರುತ್ತೆ, ಗಾಯ ಒಸರುತ್ತೆ, ಗೋಡೆ ಜಿನುಗುತ್ತೆ, ನಲ್ಲಿ ತೊಟ್ಟಿಕ್ಕುತ್ತೆ, ಹಾಲು ಉಕ್ಕುತ್ತೆ, ಕಾಲುವೆ ಹರಿಯುತ್ತೆ. ಒಂದೊಂದಕ್ಕೂ ಒಂದೊಂದು ಕ್ರಿಯಾಪದ. ಇವಳಿಗೆ ಏನೂ ಗೊತ್ತಾಗಲ್ವಂತೆ. ಹಾಗೆ ಹೇಳಿದ ಮಗುವಿಗೆ ಮಾತು ಕಲಿಸಿದವನು ನಾನೇ.

'ರನ್' ಜೊತೆ ನನ್ನ ಜಗಳ ಹಳೇದು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದ ನಾನು ಬಿಇ ಮೊದಲ ವರ್ಷದ ಸಿ ಲ್ಯಾಬಿನಲ್ಲಿ ಕೂತಿದ್ದೆ. ಟರ್ಬೊ ಸಿ-ಯ ನೀಲಿ ಪರದೆ. ಮೇಷ್ಟ್ರು ಬಂದು, "ಏನಯ್ಯಾ, ರನ್ ಆಯ್ತಾ?" ಅಂದರು. "ಇಲ್ಲ ಸಾರ್, ಇಲ್ಲೇ ಇದೆ" ಅಂದೆ. ಇಡೀ ಲ್ಯಾಬು ನಕ್ಕಿತು. ಕಂಟ್ರೋಲ್ ಎಫ್-9 ಒತ್ತಿದರೆ ಪ್ರೋಗ್ರಾಂ 'ರನ್' ಆಗುತ್ತದೆ ಅಂತ ಪಕ್ಕದವನು ತೋರಿಸಿಕೊಟ್ಟ. ಆವತ್ತೇ ಸಂಜೆ ಡಿಕ್ಷನರಿ ತೆಗೆದು ನೋಡಿದರೆ, ಆ ಪುಟಾಣಿ ಪದಕ್ಕೆ ಮುಗಿಯದಷ್ಟು ಅರ್ಥ! ಎಂಥಾ ಶ್ರೀಮಂತ ಭಾಷೆಯಪ್ಪಾ ಅಂತ ಬೆರಗಾದೆ.

ಆ ಬೆರಗು ಸುಳ್ಳೇನಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ 1989ರ ಎರಡನೇ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಇದ್ದದ್ದು 'ಸೆಟ್' ಎಂಬ ಕ್ರಿಯಾಪದಕ್ಕೆ. ಆಮೇಲಿನ ಪರಿಷ್ಕರಣೆಯಲ್ಲಿ 'ರನ್' ಅದನ್ನು ಹಿಂದೆ ಹಾಕಿತು. ಕ್ರಿಯಾಪದವಾಗಿ ಅದಕ್ಕೆ 645 ಅರ್ಥಗಳನ್ನು ಸಂಪಾದಕರು ಎಣಿಸಿದರು. ಮನುಷ್ಯ ರನ್ ಆಗ್ತಾನೆ, ನದಿ ರನ್ ಆಗುತ್ತೆ, ಬಟ್ಟೆಯ ಬಣ್ಣ ರನ್ ಆಗುತ್ತೆ, ಬೇಲಿ ಹೊಲದುದ್ದಕ್ಕೂ ರನ್ ಆಗುತ್ತೆ, ಜ್ವರ ಬಂದರೂ ರನ್, ಅಂಗಡಿ ನಡೆಸಿದರೂ ರನ್. ಅಮೆರಿಕದಲ್ಲಿ ಚುನಾವಣೆಗೂ ರನ್. ನಮ್ಮಲ್ಲಿ ಚುನಾವಣೆಗೆ ನಿಲ್ಲುತ್ತಾರೆ, ಓಡುವುದು ಗೆದ್ದ ಮೇಲೆ.

ಇಲ್ಲಿ ಒಂದು ವಿಷಯ ಗಮನಿಸಿ. ಆಪರೇಟ್, ಮ್ಯಾನೇಜ್, ಫಂಕ್ಷನ್, ಅಡ್ಮಿನಿಸ್ಟರ್ ಎಲ್ಲವೂ ಲ್ಯಾಟಿನ್, ಫ್ರೆಂಚ್, ಇಟಾಲಿಯನ್ ಕಡೆಯಿಂದ ಬಂದ ಪದಗಳು. ಇಷ್ಟೆಲ್ಲ ನೆಂಟರು ಬಂದು ಕೂತರೂ ಇಂಗ್ಲಿಷಿನವರು ಮನೆಮಗ 'ರನ್'ನನ್ನು ಹಿತ್ತಲಿಗೆ ಅಟ್ಟಲಿಲ್ಲ. ರೈಲು ಬಂತು, ಅದಕ್ಕೂ ರನ್. ಕಂಪ್ಯೂಟರ್ ಬಂತು, ಅದಕ್ಕೂ ರನ್. ಹಳೇ ಎತ್ತಿಗೆ ಹೊಸ ಹೊಸ ಗಾಡಿ ಕಟ್ಟುತ್ತಾ ಹೋದರು.

ಈಗ ನಮ್ಮ ಆಫೀಸಿಗೆ ಬನ್ನಿ. ಜಯನಗರದಲ್ಲೇ ಹುಟ್ಟಿ ಬೆಳೆದ ಸಹೋದ್ಯೋಗಿಯೊಬ್ಬ ಒಂದು ದಿನ, "ಅಲ್ಲ ಗುರು, ನೀವು ಎಲ್ಲಕ್ಕೂ 'ಹೊಡಿ' ಅಂತೀರಲ್ಲ. ಟೀ ಹೊಡಿ, ಫೋನ್ ಹೊಡಿ, ನಿದ್ದೆ ಹೊಡಿ, ಬಣ್ಣ ಹೊಡಿ, ಕಾಪಿ ಹೊಡಿ. ಕನ್ನಡದಲ್ಲಿ ವರ್ಡ್ಸೇ ಇಲ್ವಾ?" ಅಂದ. ಸುತ್ತ ಇದ್ದವರೆಲ್ಲ ತಲೆಯಾಡಿಸಿದರು. ನೋಡಿ ಸ್ವಾಮಿ, ಒಂದು ಕ್ರಿಯಾಪದಕ್ಕೆ 645 ಅರ್ಥ ಇದ್ದರೆ ಇಂಗ್ಲಿಷಿಗೆ ಅದು ಸಂಪತ್ತು. ನಮ್ಮದಕ್ಕೆ ಮೂವತ್ತು ಇದ್ದರೆ ದಾರಿದ್ರ್ಯ! ಯಾವ ಊರಿನ ನ್ಯಾಯ ಇದು?

ನಮ್ಮ 'ಓಡು' ಏನು ಕಮ್ಮಿ? ಸಿನಿಮಾ ನೂರು ದಿನ ಓಡುತ್ತೆ, ಬುದ್ಧಿ ಓಡಲ್ಲ, ಗಡಿಯಾರ ಓಡುತ್ತೆ, ವ್ಯಾಪಾರ ಓಡುತ್ತೆ. ಓಡಿಸು ಅಂದರೆ ಗಾಡಿ ನಡೆಸುವುದೂ ಹೌದು, ನಾಯಿ ಅಟ್ಟುವುದೂ ಹೌದು. ಓಡಾಡಿದರೆ ಒಂದು ಕಥೆ, ಓಡಿಹೋದರೆ ಊರೆಲ್ಲ ಮಾತಾಡುವ ಇನ್ನೊಂದು ಕಥೆ. ನಮ್ಮಪ್ಪ ತೋಟದಿಂದ ಬಂದು "ಮೋಟ್ರು ಓಡ್ತಿಲ್ಲ" ಅಂದರೆ ಯಾರೂ ನಗಲ್ಲ. ನಾನು ಮೀಟಿಂಗಿನಲ್ಲಿ "ಕೋಡ್ ಓಡ್ತಿಲ್ಲ" ಅಂದರೆ ಕನ್ನಡದವರೇ ಕಿಸಕ್ ಅಂತಾರೆ.

ನಾಮಪದಗಳ ಬಗ್ಗೆ ನನ್ನ ತಕರಾರಿಲ್ಲ. ಕುರ್ಚಿ, ಬಸ್ಸು, ಸರ್ವರ್ರು ಬರಲಿ, ಕೂರಲಿ. ಹೊರಗಿನಿಂದ ಬಂದ ಮಾತನ್ನು ಕ್ರಿಯಾಪದ ಮಾಡಿಕೊಳ್ಳುವುದೂ ಕನ್ನಡಕ್ಕೆ ಗೊತ್ತು. ಅರಬ್ಬಿಯ ಬದಲ್ ಬಂದಾಗ ಅದಕ್ಕೆ ಬಾಲ ಹಚ್ಚಿ 'ಬದಲಾಯಿಸು' ಅಂದೆವು. ಜಮಾಯಿಸು, ರವಾನಿಸು ಹುಟ್ಟಿದ್ದೂ ಹಾಗೆಯೇ. ನಮ್ಮ ಕಾಲದವರೇ 'ಗೂಗಲಿಸು' ಅಂದರು. ಅದು ಜೀರ್ಣಿಸಿಕೊಳ್ಳುವ ರೀತಿ. ಈಗ ನಾವು ಮಾಡುತ್ತಿರುವುದು ಏನು? ಇಂಗ್ಲಿಷ್ ಕ್ರಿಯಾಪದವನ್ನು ಹಸಿಹಸಿಯಾಗಿ ತಂದು ಹಿಂದೆ ಒಂದು 'ಮಾಡು', ಇಲ್ಲವೇ ಒಂದು 'ಆಗು' ಅಂಟಿಸುವುದು. ಕೆಲಸವೆಲ್ಲ ಇಂಗ್ಲಿಷಿನದು, ಕನ್ನಡ ಬರೀ ಫೈಲ್ ಹೊರುವ ಜವಾನ.

ಅಡುಗೆಮನೆಗೆ ಹೋಗಿ ನೋಡಿ. ಅಮ್ಮ ರಾಗಿ ಬೀಸುತ್ತಿದ್ದಳು, ದೋಸೆಗೆ ರುಬ್ಬುತ್ತಿದ್ದಳು, ಚಟ್ನಿ ಅರೆಯುತ್ತಿದ್ದಳು, ಮೆಣಸು ಕುಟ್ಟುತ್ತಿದ್ದಳು. ನಮ್ಮ ಮನೆಯಲ್ಲಿ ನಾಲ್ಕಕ್ಕೂ 'ಗ್ರೈಂಡ್ ಮಾಡು'. ಪೈರು ಕೊಯ್ಯುವುದು, ತರಕಾರಿ ಹೆಚ್ಚುವುದು, ಮರ ಕಡಿಯುವುದು, ಸೌದೆ ಸೀಳುವುದು ಎಲ್ಲವೂ 'ಕಟ್ ಮಾಡು'. ಇಷ್ಟು ಮಾತು ಕಳೆದುಕೊಂಡು, ಕನ್ನಡದಲ್ಲಿ ವರ್ಡ್ಸ್ ಇಲ್ಲ ಅಂತ ನಾವೇ ಕನ್ನಡಕ್ಕೆ ಬೈಯುತ್ತೇವೆ. ಮನೆಯ ಪಾತ್ರೆಯೆಲ್ಲ ಮಾರಿಕೊಂಡವನು ಅಡುಗೆಮನೆ ಖಾಲಿ ಅಂತ ಅತ್ತ ಹಾಗೆ.

ಇನ್ನು ನಮ್ಮ ಅನುವಾದದ ಪಂಡಿತರು. 'ರನ್' ಎಂಬ ಗುಂಡಿಗೆ ಅವರು ಕೊಡುವ ಮಾತು 'ಕಾರ್ಯಗತಗೊಳಿಸು'. ಮೂರಕ್ಷರದ ಇಂಗ್ಲಿಷ್ ಪದಕ್ಕೆ ಗುಂಡಿಯ ಅಗಲಕ್ಕೂ ಹಿಡಿಸದ ಕನ್ನಡ! ಅದನ್ನು ಓದಿದ ಹುಡುಗ ಸೀದಾ ಹೋಗಿ ಭಾಷೆಯನ್ನು ಇಂಗ್ಲಿಷಿಗೆ ಬದಲಾಯಿಸುತ್ತಾನೆ. 'ಓಡಿಸು' ಅಂತ ಬರೆದಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಹಳ್ಳಿಯವರ ಬಾಯಲ್ಲಿರುವ ಮಾತು ಕಂಪ್ಯೂಟರಿಗೆ ತಕ್ಕದ್ದಲ್ಲ ಎಂಬ ಕೀಳರಿಮೆ ಪಂಡಿತರಿಗೂ ಇದೆ, ನನ್ನ ಸಹೋದ್ಯೋಗಿಗೂ ಇದೆ. ಇಬ್ಬರ ಕೈಯಲ್ಲೂ ಸಾಯುತ್ತಿರುವುದು ಅದೇ ಓಡು, ಅದೇ ಸೋರು.

ನಾನೇನು ಸಾಚಾ ಅಲ್ಲ. ದಿನಕ್ಕೆ ಹತ್ತು ಸಲ 'ಡಿಪ್ಲಾಯ್ ಮಾಡಿದೆ' ಅಂತೀನಿ, ನಾಳೆಯೂ ಅಂತೀನಿ. ಅದರ ಜಾಗಕ್ಕೆ ಬರುವ ಮಾತು ನನ್ನ ಬಾಯಲ್ಲಿ ಇನ್ನೂ ಕೂತಿಲ್ಲ. ಆದರೆ ಅಮ್ಮನ ಬಾಯಲ್ಲಿ ಈಗಾಗಲೇ ಇರುವ ಮಾತನ್ನು ಬಿಡಿಸಲು ನನಗೆ ಯಾವ ನೆಪವೂ ಇಲ್ಲ. ಅದಕ್ಕೇ ಮೀಟಿಂಗಿನಲ್ಲಿ 'ಕೋಡ್ ಓಡ್ತಿಲ್ಲ' ಅನ್ನುವುದನ್ನು ಮುಂದುವರಿಸಿದ್ದೇನೆ. ನಗುವವರು ನಗಲಿ. ನೀವೂ ಹೇಳಿ, ನಾಲ್ಕು ಜನ ಹೇಳಿದರೆ ಐದನೆಯವನು ನಗುವುದಿಲ್ಲ.

ಮಗಳಿಗೆ ಶೀತ ಇನ್ನೂ ಬಿಟ್ಟಿಲ್ಲ. ನಿನ್ನೆ ರಾತ್ರಿ ಮೂಗು ಒರೆಸುತ್ತಾ, "ಸೋರ್ತಿದೆ ಅನ್ನು" ಅಂದೆ. "ಸೋರೋದು ಮನೆ ಅಲ್ವಾ ಅಪ್ಪಾ?" ಅಂದಳು. ಮನೆಯೂ ಸೋರುತ್ತೆ, ಮೂಗೂ ಸೋರುತ್ತೆ ಅಂದೆ. ಸ್ವಲ್ಪ ಹೊತ್ತು ಯೋಚಿಸಿ, "ಅಜ್ಜಿಗೆ ಹೇಳೋಣ, ಫೋನ್ ಮಾಡು" ಅಂದಳು. ಹನ್ನೊಂದು ಗಂಟೆಯಾಗಿತ್ತು. ಮಾಡಿದೆ.